ಎಂಜಿನ್ ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲೇ ಕಾರಣದ ಸುಳಿವು

ಕಾರಿನ ಎಂಜಿನ್ ವಿಪರೀತ ಬಿಸಿಯಾಗುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಅದು ಯಾವಾಗ ಬಿಸಿಯಾಗುತ್ತದೆ ಎಂದು. ಸಿಗ್ನಲ್‌ನಲ್ಲಿ ನಿಂತಾಗ ತಾಪಮಾನ ತೋರಿಸುವ ಮುಳ್ಳು ಮೇಲೇರಿ, ಗಾಡಿ ಓಡತೊಡಗಿದ ಮೇಲೆ ಇಳಿಯುತ್ತದೆಯೇ? ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಅಥವಾ ಏರುದಾರಿ ಹತ್ತುವಾಗ ಮಾತ್ರ ಏರುತ್ತದೆಯೇ? ಅಥವಾ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕೆಂಪು ಗೆರೆ ಮುಟ್ಟುತ್ತದೆಯೇ? ಈ ಮೂರು ಉತ್ತರಗಳು ಮೂರು ಬೇರೆ ಬೇರೆ ದೋಷಗಳತ್ತ ಬೆರಳು ತೋರಿಸುತ್ತವೆ. ನನ್ನದೇ ಕಾರು ಒಮ್ಮೆ ಹೀಗೆ ಬಿಸಿಯಾಗತೊಡಗಿದಾಗ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಥರ್ಮೋಸ್ಟಾಟ್ ಬದಲಾಯಿತು, ರೇಡಿಯೇಟರ್ ಬದಲಾಯಿತು. ಕೊನೆಗೆ ಕೆಟ್ಟಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಫ್ಯಾನ್ ರಿಲೇ, ಅಂದರೆ ಫ್ಯಾನಿಗೆ ವಿದ್ಯುತ್ ಹಾಯಿಸುವ ಸ್ವಿಚ್, ಎಂದು ತಿಳಿಯಿತು. ಕಾರು ನಿಂತಾಗ ಮಾತ್ರ ಬಿಸಿಯಾಗುತ್ತಿತ್ತು ಎಂಬ ಒಂದೇ ಸಂಗತಿಯನ್ನು ಗಮನಿಸಿದ್ದರೆ ಮೊದಲ ದಿನವೇ ಅಲ್ಲಿಗೆ ತಲುಪಬಹುದಿತ್ತು. ಅಂದಿನಿಂದ, ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸುವುದನ್ನು ನಾನು ದುರಸ್ತಿ ಎಂದು ಕರೆಯುವುದಿಲ್ಲ.

ಪೆಟ್ರೋಲ್ ಅಥವಾ ಡೀಸೆಲ್ ಉರಿದಾಗ ಹೊರಬರುವ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಸ್ಥೂಲವಾಗಿ ಮೂರನೇ ಒಂದು ಭಾಗ. ಇನ್ನೊಂದು ಭಾಗ ಹೊಗೆಯೊಡನೆ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದದ್ದನ್ನು ಎಂಜಿನ್ನಿನ ಲೋಹದ ಗೋಡೆಗಳು ಹೀರಿಕೊಳ್ಳುತ್ತವೆ, ಮತ್ತು ಅಲ್ಲಿಂದ ಅದನ್ನು ಹೊತ್ತೊಯ್ದು ಗಾಳಿಗೆ ಒಪ್ಪಿಸುವುದೇ ಕೂಲಿಂಗ್ ವ್ಯವಸ್ಥೆಯ ಕೆಲಸ. ಸಿಲಿಂಡರ್ ಒಳಗಿನ ಉರಿ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಆದರೆ ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ತಯಾರಾಗುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ, ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಕರಗುವುದಕ್ಕೆ ಬಹಳ ಮೊದಲೇ ಅದು ಬಾಗುತ್ತದೆ. ಕೆಲವೇ ನಿಮಿಷ ಅತಿಯಾಗಿ ಕಾದ ಎಂಜಿನ್ ದೊಡ್ಡ ರಿಪೇರಿಗೆ ಬರುವುದು ಈ ಕಾರಣಕ್ಕಾಗಿ.

ಈ ಶಾಖವನ್ನು ಹೊತ್ತೊಯ್ಯುವ ದ್ರವವಾದ ಕೂಲಂಟ್ ಸುತ್ತುವ ದಾರಿ ಸರಳವಾಗಿದೆ. ವಾಟರ್ ಪಂಪ್ ಅದನ್ನು ಎಂಜಿನ್ ಬ್ಲಾಕಿನೊಳಗೆ ತಳ್ಳುತ್ತದೆ. ಅಲ್ಲಿಂದ ಅದು ಸಿಲಿಂಡರ್ ಹೆಡ್‌ಗೆ ಏರಿ, ಥರ್ಮೋಸ್ಟಾಟ್ ತೆರೆದಿದ್ದರೆ ಹೋಸ್ ಮೂಲಕ ರೇಡಿಯೇಟರ್ ಸೇರಿ, ಅದರ ತೆಳುವಾದ ಕೊಳವೆಗಳಲ್ಲಿ ಹರಿಯುತ್ತ ತಣ್ಣಗಾಗಿ, ಇನ್ನೊಂದು ಹೋಸ್‌ನಿಂದ ಪಂಪಿಗೆ ಮರಳುತ್ತದೆ. ಥರ್ಮೋಸ್ಟಾಟ್ ಎಂಬುದು ಮೇಣದ ಹಿಗ್ಗುವಿಕೆಯಿಂದ ತೆರೆದುಕೊಳ್ಳುವ ಒಂದು ಬಾಗಿಲು. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 95 ಡಿಗ್ರಿಗಳ ನಡುವೆ ಎಲ್ಲೋ ಒಂದು ಕಡೆ ತೆರೆಯಲು ಶುರುಮಾಡಿ, ಮುಂದಿನ ಹತ್ತು ಹದಿನೈದು ಡಿಗ್ರಿಗಳಲ್ಲಿ ಪೂರ್ತಿ ತೆರೆಯುತ್ತದೆ. ಬಿಸಿ ಪ್ರದೇಶದಲ್ಲಿ ಇದರ ಅಗತ್ಯವೇ ಇಲ್ಲವೆಂದು ತೆಗೆದುಹಾಕುವವರಿದ್ದಾರೆ. ಅದು ತಪ್ಪು. ತಣ್ಣಗಿನ ಎಂಜಿನ್ ಇಂಧನವನ್ನು ಹೆಚ್ಚು ಕುಡಿಯುತ್ತದೆ, ಆಯಿಲ್ ಸರಿಯಾದ ಬಿಸಿಗೆ ಬಾರದೆ ಒಳಗಿನ ಸವೆತ ಹೆಚ್ಚುತ್ತದೆ. ಅಲ್ಲದೆ ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುವುದರಿಂದ, ಅದನ್ನು ಕಿತ್ತರೆ ಕೂಲಂಟಿನ ಒಂದು ಪಾಲು ರೇಡಿಯೇಟರ್ ಮುಟ್ಟದೆಯೇ ಎಂಜಿನ್ನಿಗೆ ಮರಳುತ್ತದೆ. ಬಿಸಿ ತಗ್ಗಿಸಲೆಂದು ಮಾಡಿದ ಉಪಾಯವೇ ಭಾರದ ಹೊತ್ತಿನಲ್ಲಿ ಬಿಸಿಯನ್ನು ಹೆಚ್ಚಿಸಬಹುದು.

ಈ ವ್ಯವಸ್ಥೆಯಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟ ಭಾಗವೆಂದರೆ ಮುಚ್ಚಳ. ರೇಡಿಯೇಟರ್ ಅಥವಾ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ (ಬಿಸಿಯಾಗಿ ಹಿಗ್ಗಿದ ಕೂಲಂಟಿಗೆ ಜಾಗ ಕೊಡುವ ಟ್ಯಾಂಕಿನ) ಕ್ಯಾಪ್ ಸುಮ್ಮನೆ ಮುಚ್ಚುವ ವಸ್ತುವಲ್ಲ. ಅದರೊಳಗೆ ಸ್ಪ್ರಿಂಗ್ ಇರುವ ವಾಲ್ವ್ ಇದೆ, ಮತ್ತು ಅದು ಸಾಮಾನ್ಯವಾಗಿ 1 ಬಾರ್ ಆಸುಪಾಸಿನ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಒತ್ತಡ ಹೆಚ್ಚಿದಂತೆ ದ್ರವ ಕುದಿಯುವ ಬಿಂದುವೂ ಏರುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿದರೆ, 1 ಬಾರ್ ಹೆಚ್ಚುವರಿ ಒತ್ತಡದಲ್ಲಿ 130ರ ಹತ್ತಿರದವರೆಗೆ ಕುದಿಯದೆ ಉಳಿಯುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಒತ್ತಡ ಸೋರತೊಡಗಿತೆಂದರೆ ಈ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿಗಳ ರಕ್ಷಣೆ ಹೋಯಿತು. ಆಗ ಹೆಡ್‌ನೊಳಗಿನ ಅತಿ ಬಿಸಿ ಜಾಗಗಳಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ; ಆವಿ ಲೋಹದಿಂದ ಶಾಖವನ್ನು ದ್ರವದಷ್ಟು ಚೆನ್ನಾಗಿ ಎಳೆದುಕೊಳ್ಳಲಾರದು, ಆದ್ದರಿಂದ ಆ ಜಾಗ ಇನ್ನಷ್ಟು ಕಾಯುತ್ತದೆ. ಇಡೀ ವ್ಯವಸ್ಥೆಯಲ್ಲೇ ಅಗ್ಗವಾದ ಭಾಗಗಳಲ್ಲಿ ಒಂದು ಕೆಟ್ಟು, ಬೆಲೆಬಾಳುವ ಭಾಗ ಹಾಳಾಗುವುದು ಹೀಗೆ.

ಮೂರು ಬಗೆಯ ಬಿಸಿ

ನಿಂತಾಗ ಬಿಸಿಯಾಗಿ, ಓಡುವಾಗ ತಣ್ಣಗಾಗುವ ಕಾರಿನಲ್ಲಿ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ಓಡುವಾಗ ಎದುರುಗಾಳಿಯೇ ಸಾಕಾಗುತ್ತದೆ, ನಿಂತಾಗ ಗಾಳಿ ಎಳೆಯಬೇಕಾದದ್ದು ಫ್ಯಾನ್. ಬಹುತೇಕ ಕಾರುಗಳಲ್ಲಿ ಏಸಿ ಹಾಕಿದೊಡನೆ ಅಥವಾ ಸ್ವಲ್ಪ ಹೊತ್ತಿನಲ್ಲಿ ವಿದ್ಯುತ್ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇಯನ್ನು ಅದೇ ಬಗೆಯ ಪಕ್ಕದ ರಿಲೇಯೊಂದಿಗೆ ಅದಲುಬದಲು ಮಾಡಿ ನೋಡಿ, ಆಮೇಲೆ ಕನೆಕ್ಟರ್ ಕರಗಿದೆಯೇ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಪರೀಕ್ಷಿಸಿ; ಇಷ್ಟಾದ ಮೇಲೂ ತಿರುಗದಿದ್ದರೆ ಮೋಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟು ನೋಡಬೇಕು. ನೇರ ಕೊಟ್ಟಾಗ ತಿರುಗಿದರೆ ಮೋಟರ್ ಸರಿಯಿದೆ, ದೋಷ ಸೆನ್ಸರ್ ಅಥವಾ ವೈರಿಂಗ್‌ನಲ್ಲಿದೆ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿ ಚಾಲೂ ಆಗುವುದುಂಟು, ಆದ್ದರಿಂದ ಅದರ ರೆಕ್ಕೆಗಳ ನಡುವೆ ಕೈ ಹಾಕುವ ಮೊದಲು ಕನೆಕ್ಟರ್ ಕಳಚಬೇಕು.

ಹೆದ್ದಾರಿಯಲ್ಲಿ ಅಥವಾ ಏರಿನಲ್ಲಿ ಬಿಸಿಯಾಗುವುದು ಇದಕ್ಕೆ ತದ್ವಿರುದ್ಧವಾದ ಲಕ್ಷಣ. ಗಾಳಿ ಧಾರಾಳವಾಗಿದೆ, ಆದರೆ ಎಂಜಿನ್ ಹುಟ್ಟಿಸುತ್ತಿರುವ ಶಾಖವನ್ನು ಹೊತ್ತೊಯ್ಯುವಷ್ಟು ಕೂಲಂಟ್ ಹರಿಯುತ್ತಿಲ್ಲ, ಇಲ್ಲವೇ ಹರಿದದ್ದು ರೇಡಿಯೇಟರಿನಲ್ಲಿ ತಣ್ಣಗಾಗುತ್ತಿಲ್ಲ. ಒಳಗಿನ ಕೊಳವೆಗಳು ಸುಣ್ಣ ಮತ್ತು ತುಕ್ಕಿನಿಂದ ಕಟ್ಟಿಕೊಂಡಿರಬಹುದು, ಪಂಪಿನ ಒಳರೆಕ್ಕೆಗಳು ಸವೆದಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ಪಂಪು ಹೀರುವ ಕಡೆಯ ಹೋಸ್ ಮೆತ್ತಗಾಗಿ ಹೆಚ್ಚು ವೇಗದಲ್ಲಿ ಒಳಕ್ಕೆ ಚಪ್ಪಟೆಯಾಗುತ್ತಿರಬಹುದು. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬಿಸಿಯಾದ ರೇಡಿಯೇಟರಿನ ಮೇಲೆ ಅದನ್ನು ನಿಧಾನವಾಗಿ ಸರಿಸಿ ನೋಡಿ. ಕೂಲಂಟ್ ಒಳಬರುವ ಬದಿಯಿಂದ ಹೊರಹೋಗುವ ಬದಿಗೆ ತಾಪಮಾನ ಹಂತಹಂತವಾಗಿ ಇಳಿಯಬೇಕು; ನಡುವೆ ಒಂದು ಪಟ್ಟಿ ಮಾತ್ರ ಥಟ್ಟನೆ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ಹರಿವಿಲ್ಲ. ಹೊರಗಿನ ಕಸವನ್ನೂ ಮರೆಯಬಾರದು. ಏಸಿ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಏಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಎಲೆ, ಸತ್ತ ಹುಳುಗಳು ಸೇರಿ ಕಂಬಳಿಯಂತೆ ಹೆಣೆದುಕೊಂಡಿರುತ್ತವೆ, ಮುಂದಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಹೊರಗಡೆಗೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಜೋರಾದ ಜೆಟ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕುದಿಯುವ ಎಂಜಿನ್ ಹೆಚ್ಚು ಗಂಭೀರ. ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಹಾಕಿಕೊಂಡಿರಬಹುದು, ಕೂಲಂಟ್ ಬಹುಮಟ್ಟಿಗೆ ಖಾಲಿಯಾಗಿರಬಹುದು, ಪಂಪಿನ ಬೆಲ್ಟ್ ತುಂಡಾಗಿರಬಹುದು, ಅಥವಾ ಹೆಡ್ ಮತ್ತು ಬ್ಲಾಕ್ ನಡುವೆ ಸೀಲಿನಂತಿರುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗೇ ಇದ್ದರೆ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ. ಇದರ ವಿರುದ್ಧ ದೋಷವೂ ಇದೆ: ಥರ್ಮೋಸ್ಟಾಟ್ ತೆರೆದಂತೆಯೇ ನಿಂತರೆ ಮುಳ್ಳು ನಡುಭಾಗಕ್ಕೆ ಬರುವುದೇ ಇಲ್ಲ, ಹೀಟರ್ ಬೆಚ್ಚಗಾಗುವುದಿಲ್ಲ, ಮೈಲೇಜ್ ಇಳಿಯುತ್ತದೆ, ಎಂಜಿನ್ ಕಂಪ್ಯೂಟರಿನ ದೋಷಗಳನ್ನು ಓದುವ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಪಿ0128 ಎಂಬ ಕೋಡ್ ಕಾಣಿಸುತ್ತದೆ.

ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸಣ್ಣ ಏರಿಳಿತ ಕಂಡು ಚಾಲಕರು ಗಾಬರಿಯಾಗದಿರಲೆಂದು ಅನೇಕ ಕಾರುಗಳಲ್ಲಿ ಸಾಕಷ್ಟು ಅಗಲವಾದ ತಾಪಮಾನದ ವ್ಯಾಪ್ತಿಗೆ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಇನ್ನೂ ಅಪಾಯಕಾರಿಯಾದದ್ದು, ಕೂಲಂಟ್ ಪೂರ್ತಿ ಸೋರಿಹೋದಾಗ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಬರಿಯ ಗಾಳಿಯಲ್ಲಿ ಉಳಿದು, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಬಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳದೆ ಗಾಡಿ ನಿಲ್ಲಿಸಬೇಕು. ಡ್ಯಾಶ್‌ಬೋರ್ಡಿನ ಹೀಟರ್ ತೆರೆದಾಗ ಬಿಸಿ ಗಾಳಿಯ ಬದಲು ತಣ್ಣನೆಯ ಗಾಳಿ ಬಂದರೆ ಕೂಲಂಟ್ ಇಲ್ಲ ಅಥವಾ ಹರಿಯುತ್ತಿಲ್ಲ ಎಂಬುದು ಬಹುಮಟ್ಟಿಗೆ ಖಚಿತ.

ದಾರಿಯಲ್ಲಿ ಮುಳ್ಳು ಏರಿದಾಗ

ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನನ್ನು ಗರಿಷ್ಠಕ್ಕೆ ಇಡಿ. ಸೆಕೆಯಲ್ಲಿ ಇದು ಹಿಂಸೆಯೆನಿಸಿದರೂ ಹೀಟರ್ ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಶಾಖವನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಸುರಕ್ಷಿತ ಜಾಗ ಸಿಕ್ಕಿದೊಡನೆ ನಿಲ್ಲಿಸಿ. ಆವಿ ಏಳುತ್ತಿದ್ದರೆ, ಎಚ್ಚರಿಕೆಯ ದೀಪ ಹೊತ್ತಿದ್ದರೆ ಎಂಜಿನ್ ತಕ್ಷಣ ಆರಿಸಬೇಕು; ಮನೆ ಇನ್ನು ಎರಡೇ ಕಿಲೋಮೀಟರ್ ಎಂದು ಓಡಿಸಿದವರ ಎಂಜಿನ್‌ಗಳೇ ಹೆಚ್ಚಾಗಿ ಹೆಡ್ ಬಿಚ್ಚುವ ಹಂತಕ್ಕೆ ಬರುತ್ತವೆ.

ಬಿಸಿಯಾಗಿರುವಾಗ ಮುಚ್ಚಳ ತೆಗೆಯಬಾರದು ಎಂಬ ಎಚ್ಚರಿಕೆ ಬಹುತೇಕ ಕ್ಯಾಪುಗಳ ಮೇಲೆ ಇರುತ್ತದೆ, ಆದರೂ ಪ್ರತಿ ಸಲ ಯಾರೋ ಒಬ್ಬರು ಕೈ ಸುಟ್ಟುಕೊಳ್ಳುತ್ತಾರೆ. ಒಳಗಿನ ದ್ರವ ಒತ್ತಡದಿಂದಷ್ಟೇ ಕುದಿಯದೆ ಉಳಿದಿರುತ್ತದೆ. ಮುಚ್ಚಳ ಸಡಿಲವಾದ ಗಳಿಗೆಯಲ್ಲಿ ಒತ್ತಡ ಇಲ್ಲವಾಗಿ, ಅದು ಒಮ್ಮೆಲೇ ಆವಿಯಾಗಿ ಮುಖದ ಎತ್ತರಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆರೆಯುವುದೂ ಸಾಕಾದ ರಕ್ಷಣೆಯಲ್ಲ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಬೇಕು. ಹೋಸ್ ಹಿಂಡಿದರೆ ಮೆತ್ತಗಿದ್ದು, ಕೈಗೆ ಬೆಚ್ಚಗೆ ಮಾತ್ರ ತಾಗುವಂತಿದ್ದರೆ ಆಗ ನಿಧಾನವಾಗಿ ತೆರೆಯಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಒಂದು ಕಡೆ ಥಟ್ಟನೆ ಕುಗ್ಗಿ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು. ಬೇರೆ ದಾರಿಯಿಲ್ಲದಾಗ ಕುಡಿಯುವ ನೀರನ್ನೇ ಹಾಕಿಕೊಂಡು ಗ್ಯಾರೇಜ್ ತಲುಪುವುದು ತಪ್ಪಲ್ಲ, ಆದರೆ ಎಂಜಿನ್ ತಣಿದ ಮೇಲೆ ಹಾಕಬೇಕು, ಮತ್ತು ದುರಸ್ತಿಯ ನಂತರ ಆ ನೀರನ್ನು ತೆಗೆದು ಸರಿಯಾದ ಕೂಲಂಟ್ ತುಂಬಿಸಬೇಕು.

ತಣ್ಣಗಿನ ಎಂಜಿನ್ನಿನ ಮುಂದೆ ನಿಂತು

ಪರೀಕ್ಷೆಯನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡುವುದು ಒಳ್ಳೆಯದು. ಟ್ಯಾಂಕಿನಲ್ಲಿ ಕೂಲಂಟಿನ ಮಟ್ಟ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಎಲ್ಲೋ ಹೋಗಿದೆ ಎಂದರ್ಥ, ಏಕೆಂದರೆ ಸರಿಯಾಗಿ ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ಗಮನಕ್ಕೆ ಬರುವಷ್ಟು ಕಡಿಮೆಯಾಗಬಾರದು. ಕಾರಿನ ಕೆಳಗೆ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಕಂಡರೆ ಅದು ಏಸಿಯಿಂದ ತೊಟ್ಟಿಕ್ಕಿದ್ದು, ಚಿಂತಿಸಬೇಕಾಗಿಲ್ಲ. ಕೂಲಂಟಿಗೆ ಬಣ್ಣವಿರುತ್ತದೆ, ಬೆರಳಿಗೆ ಜಿಗುಟಾಗಿ ತಾಗುತ್ತದೆ, ಸಿಹಿಯಾದ ವಾಸನೆ ಬರುತ್ತದೆ. ಹನಿ ಬೀಳದೆಯೂ ಸೋರಿಕೆ ಇರಬಹುದು: ಬಿಸಿ ಲೋಹದ ಮೇಲೆ ಬಿದ್ದ ದ್ರವ ಒಣಗಿ ಬಿಳಿಯ ಅಥವಾ ಕೂಲಂಟಿನದೇ ಬಣ್ಣದ ಪುಡಿಯಾಗಿ ಉಳಿಯುತ್ತದೆ. ಹೋಸ್ ಕ್ಲಾಂಪುಗಳ ಸುತ್ತ, ಪ್ಲಾಸ್ಟಿಕ್ ಟ್ಯಾಂಕ್ ರೇಡಿಯೇಟರಿನ ಲೋಹಕ್ಕೆ ಸೇರುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಟಾರ್ಚ್ ಹಿಡಿದು ಈ ಗುರುತನ್ನು ಹುಡುಕಿ. ಪಂಪಿನ ಮೈಮೇಲೆ ಸೀಲ್ ಸವೆದಾಗ ದ್ರವ ಹೊರಬರಲೆಂದೇ ಇಟ್ಟಿರುವ ಒಂದು ಪುಟ್ಟ ರಂಧ್ರವಿದೆ. ಅಲ್ಲಿಂದ ಕಲೆಯ ಜಾಡು ಇಳಿದಿದ್ದರೆ ಪಂಪಿನ ಆಯುಷ್ಯ ಮುಗಿಯುತ್ತ ಬಂದಿದೆ. ಟೈಮಿಂಗ್ ಬೆಲ್ಟ್ ಪಂಪನ್ನು ತಿರುಗಿಸುವ ಎಂಜಿನ್‌ಗಳಲ್ಲಿ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸುವುದು ಲೇಸು, ಏಕೆಂದರೆ ಎರಡಕ್ಕೂ ಬಿಚ್ಚುವ ಶ್ರಮ ಒಂದೇ.

ಹೋಸ್‌ಗಳನ್ನು ಒಂದೊಂದಾಗಿ ಹಿಂಡಿ. ಒಳ್ಳೆಯ ಹೋಸ್ ಗಟ್ಟಿಯಾಗಿ ಬಾಗಿ ಮರಳಿ ತನ್ನ ಆಕಾರಕ್ಕೆ ಬರುತ್ತದೆ. ಕೆಟ್ಟದ್ದು ಅತಿ ಮೆತ್ತಗಿರುತ್ತದೆ, ಇಲ್ಲವೇ ಬೆರಳುಗಳ ನಡುವೆ ಒಣ ಎಲೆಯಂತೆ ಚಟಪಟ ಎನ್ನುತ್ತದೆ. ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ, ತುದಿಗಳ ಹತ್ತಿರ, ಆದ್ದರಿಂದ ಹೊರಗಿನ ಹೊಳಪನ್ನು ನೋಡಿ ಮೋಸಹೋಗಬಾರದು.

ಕಣ್ಣಿಗೆ ಕಾಣದ ಸೋರಿಕೆಗೆ ಒತ್ತಡದ ಪರೀಕ್ಷೆಯೇ ದಾರಿ. ಕ್ಯಾಪಿನ ಜಾಗಕ್ಕೆ ಕೈಪಂಪು ಜೋಡಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಹತ್ತು ಹದಿನೈದು ನಿಮಿಷ ಕಾಯಬೇಕು. ಮೀಟರ್ ಕದಲದಿದ್ದರೆ ಹೊರಗಿನ ಸೋರಿಕೆ ಇಲ್ಲ. ಇಳಿಯುತ್ತಿದ್ದು, ಹೊರಗೆಲ್ಲೂ ತೇವ ಕಾಣದಿದ್ದರೆ ಕಾರಿನೊಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಹೀಟರ್ ಕೋರ್, ಅಂದರೆ ಹೀಟರಿನೊಳಗಿನ ಪುಟ್ಟ ರೇಡಿಯೇಟರ್, ಸೋರುತ್ತಿದ್ದರೆ ಅದು ಒದ್ದೆಯಾಗಿರುತ್ತದೆ, ಗಾಜಿಗೆ ಜಿಡ್ಡಿನ ಮಂಜು ಕಟ್ಟುತ್ತದೆ. ಅದೂ ಅಲ್ಲವೆಂದಾದರೆ ಕೂಲಂಟ್ ಎಂಜಿನ್ನಿನ ಒಳಗೇ ಹೋಗುತ್ತಿದೆ. ಕೆಲವು ಡೀಸೆಲ್ ಕಾರುಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಒಡೆದು ಇದೇ ರೀತಿ ಸದ್ದಿಲ್ಲದೆ ಕೂಲಂಟ್ ಖಾಲಿಯಾಗುವುದುಂಟು.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಸಾಧ್ಯ, ಮತ್ತು ಅದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಇಡೀ ವ್ಯವಸ್ಥೆಯೇ ಅರ್ಥವಾಗುತ್ತದೆ. ಬಿಚ್ಚಿದ ಥರ್ಮೋಸ್ಟಾಟಿನ ವಾಲ್ವಿನ ಬಾಯಿಯಲ್ಲಿ ಒಂದು ದಾರದ ತುದಿಯನ್ನು ಸಿಕ್ಕಿಸಿ, ಹಳೆಯ ಪಾತ್ರೆಯೊಂದರ ನೀರಿನಲ್ಲಿ ತಳ ಮುಟ್ಟದಂತೆ ನೇತುಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನಿಧಾನವಾಗಿ ಕಾಯಿಸಿ. ಲೋಹದ ಮೇಲೆ 82 ಅಥವಾ 88 ಎಂದು ಕೊರೆದಿರುವ ತಾಪಮಾನದ ಹತ್ತಿರ ಬಂದಾಗ ವಾಲ್ವ್ ಬಾಯಿ ಬಿಡುತ್ತದೆ, ದಾರದ ಹಿಡಿತ ತಪ್ಪಿ ಥರ್ಮೋಸ್ಟಾಟ್ ಪಾತ್ರೆಯ ತಳಕ್ಕೆ ಟಣ್ ಎಂದು ಬೀಳುತ್ತದೆ. ಆ ಗಳಿಗೆಯ ತಾಪಮಾನವನ್ನು ಬರೆದಿಟ್ಟುಕೊಳ್ಳಿ. ಕೆಲವು ಡಿಗ್ರಿಗಳ ವ್ಯತ್ಯಾಸ ಸಹಜ. ನೀರು ಕುದಿಯತೊಡಗಿದರೂ ಬೀಳದಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ. ಬೇರೆ ಬಗೆಯದಾದ, ವಿದ್ಯುತ್ತಿನಿಂದ ನಿಯಂತ್ರಿಸುವ ಥರ್ಮೋಸ್ಟಾಟ್‌ಗಳಿಗೆ ಈ ಪರೀಕ್ಷೆ ಸಾಲದು.

ಹೆಡ್ ಗ್ಯಾಸ್ಕೆಟ್

ಎಲ್ಲರೂ ಹೆದರುವ ಹೆಸರಿದು, ಹಾಗೆಯೇ ಪುರಾವೆಯಿಲ್ಲದೆ ಬಹಳ ಬೇಗ ಉಚ್ಚರಿಸುವ ಹೆಸರೂ ಹೌದು. ತಂಪು ಮುಂಜಾವಿನಲ್ಲಿ ಸೈಲೆನ್ಸರಿನಿಂದ ಬರುವ ಬಿಳಿ ಹಬೆ ಬರೀ ತೇವಾಂಶ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ, ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಆಯಿಲ್ ಡಿಪ್‌ಸ್ಟಿಕ್ ಮೇಲೆ ಹಾಲು ಹಾಕಿದ ಕಾಫಿಯಂಥ ಬಣ್ಣ ಕಂಡರೆ ಆಯಿಲಿಗೆ ಕೂಲಂಟ್ ಸೇರಿದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಬಿಸಿಯಿಂದ ಬಂದದ್ದಲ್ಲ, ಸಿಲಿಂಡರಿನ ಅನಿಲ ನುಗ್ಗಿದ್ದರಿಂದ ಬಂದದ್ದು. ಖಚಿತಪಡಿಸಲು ಒಂದು ರಾಸಾಯನಿಕ ಪರೀಕ್ಷೆ ಇದೆ: ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಿದಾಗ, ಅದರಲ್ಲಿ ದಹನದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಹೆಡ್ ಬಿಚ್ಚಲು ಒಪ್ಪಿಗೆ ಕೊಡುವ ಮೊದಲು ಈ ಪರೀಕ್ಷೆಯನ್ನು ನಿಮ್ಮ ಎದುರಿಗೇ ಮಾಡಿಸಿ ಎಂದು ನಾನು ಒತ್ತಾಯಿಸುತ್ತೇನೆ.

ಹೆಡ್ ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದರಷ್ಟೇ ಸಾಲದು. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ ಮೇಲೆ ಅಡ್ಡಲಾಗಿಯೂ ಕರ್ಣರೇಖೆಯಲ್ಲಿಯೂ ಇಟ್ಟು, ಅದರ ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಬಾಗಿರುವುದನ್ನು ಅಳೆಯಬೇಕು. ಅನೇಕ ತಯಾರಕರು ಒಪ್ಪುವ ಮಿತಿ 0.05ರಿಂದ 0.1 ಮಿಲಿಮೀಟರ್, ಅಂದರೆ ಕೂದಲೆಳೆಯ ದಪ್ಪದಷ್ಟು. ಅದಕ್ಕಿಂತ ಹೆಚ್ಚಿದ್ದರೆ ಹೆಡ್ ಮೇಲ್ಮೈಯನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸದೆ ಜೋಡಿಸಿದ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ. ಒಮ್ಮೆ ಮಾತ್ರ ಬಳಸಬೇಕೆಂದು ತಯಾರಕರು ಹೇಳಿರುವ ಬೋಲ್ಟ್‌ಗಳನ್ನು ಮತ್ತೆ ಹಾಕಬಾರದು.

ತುಂಬಿಸುವುದೂ ದುರಸ್ತಿಯ ಭಾಗ

ಕೂಲಂಟಿನಲ್ಲಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ, ಮತ್ತು ಕಾಲ ಕಳೆದಂತೆ ಅವು ಸವೆಯುತ್ತವೆ. ಕೆಲವು ಬಗೆಗಳನ್ನು ಎರಡು ಮೂರು ವರ್ಷಕ್ಕೆ, ಕೆಲವನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲಕ್ಕೆ ಬದಲಿಸಬೇಕಾಗುತ್ತದೆ. ನಿಮ್ಮ ಕಾರಿನ ಕೈಪಿಡಿಯೇ ಇದಕ್ಕೆ ಪ್ರಮಾಣ. ಬಣ್ಣ ನೋಡಿ ಕೂಲಂಟ್ ಆರಿಸಬಾರದು, ಏಕೆಂದರೆ ಬಣ್ಣಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ. ಹೊಂದದ ಎರಡು ಬಗೆಗಳನ್ನು ಬೆರೆಸಿದರೆ ಗಸಿಯಂಥ ಪದಾರ್ಥ ಉಂಟಾಗಿ ಕೊಳವೆಗಳನ್ನು ಕಟ್ಟಬಹುದು. ಗಾಢ ಕೂಲಂಟಿಗೆ ಬೆರೆಸುವ ನೀರು ಡಿಸ್ಟಿಲ್ಡ್ ನೀರೇ ಆಗಬೇಕು. ಗಡಸು ನೀರಿನ ಸುಣ್ಣ, ಮನೆಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ಎಂಜಿನ್ನಿನೊಳಗೂ ಕಟ್ಟಿ ಶಾಖ ದಾಟದಂತೆ ತಡೆಯುತ್ತದೆ. ಸೋರಿಕೆ ನಿಲ್ಲಿಸುವ ಪುಡಿ ಮತ್ತು ದ್ರವಗಳನ್ನು ನಾನು ತುರ್ತಿನ ಹೊರತು ಬಳಸುವುದಿಲ್ಲ, ಸಣ್ಣ ತೂತನ್ನು ಮುಚ್ಚುವ ಗುಣವೇ ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲದು. ಹಳೆಯ ಕೂಲಂಟನ್ನು ತೆರೆದ ತಟ್ಟೆಯಲ್ಲಿ ಬಿಡಬೇಡಿ, ಚರಂಡಿಗೆ ಸುರಿಯಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ; ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ.

ಹೊಸದಾಗಿ ತುಂಬಿಸಿದ ಮೇಲೆ ಕಾರು ಮತ್ತೆ ಬಿಸಿಯಾದರೆ ಹೊಸ ಭಾಗವನ್ನು ದೂರುವ ಮೊದಲು ಏರ್ ಲಾಕ್ ಇದೆಯೇ ನೋಡಬೇಕು. ಹೆಡ್‌ನಲ್ಲಿ ಅಥವಾ ಹೀಟರಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಹರಿವನ್ನೇ ತಡೆಯುತ್ತದೆ. ಕಾರಿನ ಮುಂಭಾಗವನ್ನು ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ಕೂಲಂಟ್ ಹಾಕುತ್ತ, ಗಾಳಿ ಬಿಡುವ ತಿರುಪು ಇದ್ದರೆ ಅದರಿಂದ ಗುಳ್ಳೆಯಿಲ್ಲದ ದ್ರವ ಬರುವವರೆಗೆ ತೆರೆದಿಡಬೇಕು. ಆಮೇಲೆ ಎಂಜಿನ್ ಚಾಲೂ ಮಾಡಿ, ಎರಡೂ ಹೋಸ್‌ಗಳು ಬಿಸಿಯಾಗಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಬೇಕು. ಎಂಜಿನ್ ತಣಿದ ಮೇಲೆ ಮಟ್ಟ ಇಳಿದಿರುತ್ತದೆ. ಅದನ್ನು ಸರಿಮಾಡಿ, ಮಾರ್ಕರಿನಿಂದ ಟ್ಯಾಂಕಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಮುಂದಿನ ಒಂದು ವಾರ, ದಿನವೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಆ ಗೆರೆಯನ್ನು ನೋಡಿ. ಮೊದಲ ಒಂದೆರಡು ದಿನ, ಉಳಿದ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಸಹಜ. ಅದಾದ ಮೇಲೂ ಇಳಿಯುತ್ತಲೇ ಇದ್ದರೆ ಒತ್ತಡದ ಪರೀಕ್ಷೆಯಿಂದ ಮತ್ತೆ ಶುರುಮಾಡಬೇಕು.